ಅಜೀಜಿಯಾದ ಮಳೆನೀರು, ಊರಿನ ಬೀದಿದೀಪ

ಗಲ್ಫಿನ ಅಲ್ ಅಜೀಜಿಯಾದಲ್ಲಿ ಬಂಟ್ವಾಳದ ಇಬ್ರಾಹಿಂ ಅವರ ದಿನಸಿ ಅಂಗಡಿಯೆದುರು ಒಂದೇ ಮಳೆಗೆ ನೀರು ನಿಂತಿತ್ತು. ಒಂದು ಕಾಲದಲ್ಲಿ ಊರಿನ ಪಂಚಾಯತ್ ಮೆಂಬರಾಗಿದ್ದ ನಾನು ಅಭ್ಯಾಸಬಲದಿಂದ ಕೇಳಿದೆ: "ಇಲ್ಲಿನ ಮೆಂಬರ್ ಯಾರು?"

"ಇದ್ದಾರೆ. ನಮಗೆ ವೋಟಿಲ್ಲ ಮಾರಾಯ್ರೆ, ಅವರ ಗುರುತೂ ಇಲ್ಲ."

ಇಬ್ರಾಹಿಂ ನೀರಿನ ಫೋಟೋ ತೆಗೆದು ಬಲದಿಯಾಕ್ಕೆ, ಅಂದರೆ ಇಲ್ಲಿನ ನಗರಸಭೆಗೆ, ಮೊಬೈಲಿನಲ್ಲೇ ದೂರು ಕಳಿಸಿದರು. ನಾವು ಮಾತಾಡುತ್ತಿದ್ದಂತೆಯೇ ಟ್ಯಾಂಕರ್ ಬಂದು ನೀರೆಲ್ಲ ಹೀರಿಕೊಂಡು ಹೋಯಿತು.

"ಖಲಾಸ್!" ಎಂದವರೇ ಬಂಟ್ವಾಳದ ಮೆಂಬರಿಗೆ ಫೋನ್ ಮಾಡಿ, ತಮ್ಮ ಮನೆ ರಸ್ತೆಯ ಬೀದಿದೀಪ ಕೆಟ್ಟದ್ದಕ್ಕೆ ಬಾಯಿಗೆ ಬಂದಂತೆ ಬೈದರು.

"ನಿಮ್ಮವರೆಲ್ಲ ಇಲ್ಲೇ ಇದ್ದಾರಲ್ಲ. ಅಲ್ಲಿ ದೀಪ ಯಾರಿಗೆ?" ಎಂದೆ.

"ದೀಪ ಇರಲಿ ಬಿಡಿ. ಬೈಯಲಿಕ್ಕೆ ನಮಗೂ ಒಬ್ಬ ಬೇಕಲ್ಲ?"