ಲೆನ್ಸು ಪೂರ್ತಿ ತೆರೆದಾಗ ಹಿಂದೆ ಇದ್ದವರು

ಪುತ್ತೂರು ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಮೇಲೆ, ಒಂದು ಬಟ್ಟೆ ಅಂಗಡಿಯ ಮಹಡಿಯಲ್ಲಿ ನನ್ನ ಸ್ಟುಡಿಯೋ ಇತ್ತು. ಇಪ್ಪತ್ತು ವರ್ಷ ಅಲ್ಲಿ ಕೂತೆ. ಅಷ್ಟು ವರ್ಷಗಳಲ್ಲಿ ನಾನು ಮನಸಾರೆ ಮೆಚ್ಚಿದ ಲೆನ್ಸುಗಳು ಮೂರೇ ಮೂರು. ಮಕ್ಕಳ ಮೂಗು ಒರೆಸಿದ್ದಕ್ಕಿಂತ ಹೆಚ್ಚು ಸಲ ಅವುಗಳನ್ನು ಒರೆಸಿದ್ದೀರಿ ಎಂದು ನನ್ನ ಹೆಂಡತಿ ಈಗಲೂ ಚುಚ್ಚುತ್ತಾಳೆ.

ಮೊದಲನೆಯದು ನನಗಿಂತ ಹಳೆಯ ಜರ್ಮನ್ ಲೆನ್ಸು. ಮರದ ಕೆಳಗೆ ಯಾರನ್ನಾದರೂ ನಿಲ್ಲಿಸಿ ತೆಗೆದರೆ ಅವರ ಹಿಂದಿನ ಎಲೆಗಳೆಲ್ಲ ಗಿರ್ರನೆ ಸುತ್ತು ಹೊಡೆದ ಹಾಗೆ ಕಾಣುತ್ತಿತ್ತು. ಎರಡನೆಯದು ರಷ್ಯಾದ್ದು, ಎಂಬತ್ತೈದು ಎಂ.ಎಂ. ಕುತ್ತಿಗೆಗೆ ಹಾಕಿಕೊಂಡರೆ ಸಂಜೆಗೆ ಕುತ್ತಿಗೆ ನೋವು, ಆದರೆ ಹೆಂಗಸರ ಮುಖಕ್ಕೆ ಅದನ್ನು ಮೀರಿಸುವುದು ಇರಲಿಲ್ಲ. ಮೂರನೆಯದೇ ನನ್ನ ಪ್ರಾಣ. ಜಪಾನಿನ ಐವತ್ತು ಎಂ.ಎಂ., ಒಂದು ಪಾಯಿಂಟ್ ನಾಲ್ಕು. ಕೆಳಗಿನ ಅಂಗಡಿಯ ಬ್ಯಾರಿ ಸಾಹುಕಾರರ ಭಾವ ಹಡಗಿನ ಕೆಲಸದಲ್ಲಿದ್ದರು. ರಜೆಯಲ್ಲಿ ಬರುವಾಗ ಅದನ್ನು ಕ್ಯಾಮೆರಾ ಸಮೇತ ತಂದು, ತಮಗೆ ಅದರ ಸಹವಾಸ ಆಗದೆ ನನಗೆ ಕೊಟ್ಟರು.

ಗೊತ್ತಿಲ್ಲದವರಿಗೆ ಒಂದು ಮಾತು. ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಗೆ ಅಪರ್ಚರ್ ಎನ್ನುತ್ತೇವೆ; ಒಂದು ಪಾಯಿಂಟ್ ನಾಲ್ಕು ಎಂದರೆ ಅದು ಬಹಳ ಅಗಲ ತೆರೆಯುವ ಲೆನ್ಸು. ಕಿಂಡಿ ಸಣ್ಣದು ಮಾಡಿದರೆ ಮುಂದಿದ್ದದ್ದು, ಹಿಂದಿದ್ದದ್ದು ಎಲ್ಲವೂ ಸ್ಪಷ್ಟ. ಪೂರ್ತಿ ತೆರೆದರೆ ಎದುರಿನವರ ಕಣ್ಣು ಸ್ಪಷ್ಟ, ಕಿವಿ ಆಗಲೇ ಮಸುಕು, ಅದರ ಹಿಂದಿನದ್ದೆಲ್ಲ ಕರಗಿ ನೀರು. ನನಗೆ ಆ ನೀರಿನ ಹುಚ್ಚು. ನನ್ನ ಗಿರಾಕಿಗಳಿಗೆ ಅದೇ ಸಿಟ್ಟು. ಬೆಳ್ಳಾರೆಯ ಒಬ್ಬ ಜಮೀನ್ದಾರರು ಹೊಸ ಜೀಪಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದರು. ಪ್ರಿಂಟು ನೋಡಿದ ಮೇಲೆ, ತನ್ನ ಮುಖ ಊರಿಗೆಲ್ಲ ಗೊತ್ತುಂಟು, ಜೀಪು ಎಲ್ಲಿ ಎಂದು ಜಗಳಕ್ಕೇ ನಿಂತರು. ಕಲೆ ಅಂದರೆ ಏನೆಂದು ಅವರಿಗೆ ಪಾಠ ಮಾಡಲು ಹೋಗಿ ಚೆನ್ನಾಗಿ ಬೈಸಿಕೊಂಡೆ. ಇನ್ನೊಂದು ದಿನ ಹೋಗಿ ಜೀಪಿನ ನಟ್ಟು ಬೋಲ್ಟು ಕಾಣುವ ಹಾಗೆ ತೆಗೆದುಕೊಟ್ಟು ಬಂದೆ.

ಹೀಗೆ ಮೂಗಿನ ಮೇಲೆ ಸಿಟ್ಟು, ತಲೆಯಲ್ಲಿ ಸೊಕ್ಕು ಇದ್ದ ಕಾಲದಲ್ಲೇ ಗುಂಡ್ಯದಿಂದ ಕರೆ ಬಂತು. ಎಪ್ಪತ್ತರ ದಶಕದ ಶುರು. ಶಿರಾಡಿ ಘಾಟಿ ಹತ್ತುವ ಮೊದಲು ಲಾರಿಗಳು ನಿಲ್ಲುವ ಆ ಜಾಗದಲ್ಲಿ ಒಬ್ಬರು ಸಣ್ಣ ಚಾ ಹೋಟೆಲು ಇಟ್ಟಿದ್ದರು. ಅವರ ಮಗಳಿಗೆ ಒಂದು ವರ್ಷ ತುಂಬಿತ್ತು, ಫೋಟೋ ಬೇಕಿತ್ತು. ಬೆಳಗ್ಗಿನ ಬಸ್ಸಿಗೆ ಹೋದೆ. ಹೋಟೆಲಿನ ಒಳಗೆ ಸೌದೆ ಒಲೆಯ ಹೊಗೆ, ಗೋಡೆಯೆಲ್ಲ ಕಪ್ಪು, ಬೆಳಕು ಇದ್ದದ್ದು ಬಾಗಿಲಿನ ಹತ್ತಿರ ಮಾತ್ರ. ನನ್ನ ಚೀಲದಲ್ಲಿ ಫ್ಲ್ಯಾಶ್ ಇತ್ತು. ನಾನು ಅದನ್ನು ಹೊರಗೆ ತೆಗೆಯಲಿಲ್ಲ. ಫ್ಲ್ಯಾಶ್ ಹಾಕಿದರೆ ಮುಖ ಸುಣ್ಣ ಬಳಿದ ಹಾಗೆ ಆಗುತ್ತದೆ ಎಂಬುದು ನನ್ನ ವಾದ. ಅಂಥ ಬೆಳಕಿನಲ್ಲಿ ನನ್ನ ಲೆನ್ಸಿನ ಕೈಚಳಕ ತೋರಿಸಬೇಕು ಎಂಬುದು ಒಳಗಿನ ಆಸೆ.

ಮಗುವನ್ನು ಬಾಗಿಲ ಬಳಿಯ ಮೇಜಿನ ಮೇಲೆ ಕೂರಿಸಿದೆವು. ಅದು ಒಂದು ಕಡೆ ನಿಲ್ಲುವ ಜಾತಿಯಲ್ಲ, ಹಿಂದಿನಿಂದ ಹಿಡಿದುಕೊಳ್ಳಲು ಒಬ್ಬರು ಬೇಕಾಯಿತು. ತಾಯಿ ಅಡುಗೆಮನೆಯಿಂದ ಓಡಿ ಬಂದರು. ಬನ್ಸಿಗೆ ಹಿಟ್ಟು ನಾದುತ್ತಿದ್ದವರು, ಮೊಣಕೈಯವರೆಗೆ ಮೈದಾ, ಕೂದಲು ಹೇಗೋ ಗಂಟು ಕಟ್ಟಿದ್ದು. ಕೈ ಒರೆಸಿಕೊಂಡು ಮಗುವಿನ ಸೊಂಟ ಹಿಡಿದರು. ಆಮೇಲೆ ನಾಚಿಕೆಯಿಂದ ಕೇಳಿದರು:

“ನಾನು ಅದರಲ್ಲಿ ಬರ್ತೇನಾ? ಹಾಗಾದ್ರೆ ಸೀರೆ ಬದಲಿಸಿ ಬರ್ತೇನೆ.”

“ಬೇಡ ಅಕ್ಕ, ನೀವು ಬರುದಿಲ್ಲ. ಹಿಂದೆ ಇದ್ದದ್ದು ಎಂತದೂ ಕಾಣುದಿಲ್ಲ” ಎಂದೆ. ಆ ಮಾತನ್ನು ನಾನು ಹೆಮ್ಮೆಯಿಂದಲೇ ಹೇಳಿದ್ದು.

ಫೋಟೋ ಬಹಳ ಚೆನ್ನಾಗಿ ಬಂತು. ಮಗುವಿನ ರೆಪ್ಪೆ ರೆಪ್ಪೆ ಎಣಿಸಬಹುದು, ಹಿಂದೆ ಬೆಳ್ಳಗಿನ ಒಂದು ಮಸುಕು. ಹೋಟೆಲಿನವರಿಗೆ ಗೋಡೆಗೆ ಹಾಕುವಷ್ಟು ದೊಡ್ಡ ಪ್ರಿಂಟು ಕೊಟ್ಟೆ. ಅದಕ್ಕಿಂತ ದೊಡ್ಡದೊಂದನ್ನು ಮಾಡಿ, ಮೆಟ್ಟಿಲ ಕೆಳಗಿನ ಗಾಜಿನ ಪೆಟ್ಟಿಗೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಟ್ಟೆ. ಮುಂದೆ ಎಷ್ಟೋ ಫೋಟೋಗಳು ಆ ಪೆಟ್ಟಿಗೆಗೆ ಬಂದವು, ಹೋದವು. ಇದನ್ನು ಮಾತ್ರ ನಾನು ತೆಗೆಯಲಿಲ್ಲ.

ಹದಿನಾರು ವರ್ಷ ಕಳೆಯಿತು. ಒಂದು ಮಧ್ಯಾಹ್ನ ಕಾಲೇಜಿನ ಹುಡುಗಿಯೊಬ್ಬಳು ಮೆಟ್ಟಿಲು ಹತ್ತಿ ಬಂದಳು. ಪುತ್ತೂರಿನಲ್ಲಿ ಪಿಯುಸಿಗೆ ಸೇರಿ ಒಂದು ತಿಂಗಳಾಗಿತ್ತಂತೆ. ಮಾತಾಡುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದುದರಿಂದ ನಾನು ಎರಡೆರಡು ಸಲ ಕೇಳಬೇಕಾಯಿತು. ಕೆಳಗಿನ ಫೋಟೋದ ಮಗು ತಾನೇ ಎಂದಳು. ನನಗೆ ಖುಷಿಯಾಗಿ ಕುರ್ಚಿ ಎಳೆದು ಕೊಟ್ಟೆ. ಅವಳು ಕೂರಲಿಲ್ಲ.

“ಹಿಂದೆ ಇರುದು ನನ್ನ ಅಮ್ಮ. ಅವರ ಮುಖ ಸ್ವಲ್ಪ ಕಾಣುವ ಹಾಗೆ ಮಾಡ್ಲಿಕ್ಕೆ ಆಗ್ತದಾ?”

ಆ ಫೋಟೋ ತೆಗೆದ ಮರುವರ್ಷವೇ ತಾಯಿ ಜ್ವರ ಬಂದು ತೀರಿಕೊಂಡಿದ್ದರು. ಮದುವೆಯಲ್ಲಿ ಫೋಟೋ ತೆಗೆಸಿರಲಿಲ್ಲ, ಬೇರೆ ಎಲ್ಲೂ ಒಂದು ಚಿತ್ರ ಇರಲಿಲ್ಲ. ಮನೆಯವರು ಗೋಡೆಯ ಫೋಟೋ ತೋರಿಸಿ, ಆ ಮಸುಕೇ ನಿನ್ನ ಅಮ್ಮ ಎಂದು ಹೇಳುತ್ತ ಅವಳನ್ನು ಬೆಳೆಸಿದ್ದರು. ಇಷ್ಟನ್ನು ಅವಳು ದೂರು ಹೇಳುವ ಹಾಗೆ ಹೇಳಲಿಲ್ಲ. ಅದರಿಂದಲೇ ನನಗೆ ಹೆಚ್ಚು ಸಂಕಟವಾಯಿತು. ಚೀಲದಲ್ಲಿ ಉಳಿದ ಆ ಫ್ಲ್ಯಾಶ್ ನೆನಪಾಯಿತು. ಅದನ್ನು ಹಾಕಿ ಕಿಂಡಿ ಸಣ್ಣದು ಮಾಡಿದ್ದರೆ ಆ ತಾಯಿಯ ಹುಬ್ಬಿನ ಕೂದಲೂ ಕಾಣುತ್ತಿತ್ತು. ಆಗುವುದಿಲ್ಲ ಎನ್ನಬೇಕಿತ್ತು. ಹಾಗೆನ್ನದೆ, ಮುಂದಿನ ಭಾನುವಾರ ಅಪ್ಪನನ್ನು ಕರಕೊಂಡು ಬಾ ಎಂದೆ.

ಆ ವಾರವೆಲ್ಲ ಡಾರ್ಕ್ ರೂಮಿನಲ್ಲಿ ಕಳೆದೆ. ನೆಗೆಟಿವ್ ಹುಡುಕಿ, ತಾಯಿಯ ಮುಖವನ್ನಷ್ಟೇ ದೊಡ್ಡದು ಮಾಡಿದೆ. ದೊಡ್ಡದು ಮಾಡಿದಷ್ಟೂ ಮುಖ ಹರಡಿ, ಕೊನೆಗೆ ಕಾಗದದ ತುಂಬ ಹೊಗೆ ಮಾತ್ರ ಉಳಿಯಿತು. ಫಿಲ್ಮಿನಲ್ಲಿ ಇಲ್ಲದ್ದು ಕಾಗದಕ್ಕೆ ಎಲ್ಲಿಂದ ಬರಬೇಕು? ಆಗ ನಾನು ಸ್ಟುಡಿಯೋದವರ ಹಳೆಯ ವಿದ್ಯೆಗೆ ಕೈ ಹಾಕಿದೆ. ಸಪೂರ ಬ್ರಷ್ ಹಿಡಿದು ಆ ಹೊಗೆಯ ಮೇಲೆ ಕಣ್ಣು, ಮೂಗು, ತುಟಿ ಬರೆದೆ. ಮಾದರಿಗೆ ಮಗಳ ಮುಖ ಮನಸ್ಸಿನಲ್ಲಿತ್ತಲ್ಲ. ಮುಗಿಯುವಾಗ ಲಕ್ಷಣವಾದ ಹೆಂಗಸೊಬ್ಬಳು ಕಾಗದದಲ್ಲಿ ಇದ್ದಳು, ಮತ್ತು ನಾನು ಪಾರಾದೆ ಎಂದುಕೊಂಡೆ.

ಭಾನುವಾರ ಹೋಟೆಲಿನವರು ಮಗಳ ಜೊತೆ ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬಳಿ ಹೋಗಿ ನೋಡಿದರು. ಹುಡುಗಿ ಚಿತ್ರ ನೋಡಲಿಲ್ಲ, ಅಪ್ಪನ ಮುಖವನ್ನೇ ನೋಡುತ್ತಿದ್ದಳು.

“ಒಳ್ಳೆದುಂಟು ಮಾರಾಯ್ರೆ” ಎಂದರು ಅವರು. “ಇದು ಯಾರು?”

ಕೊಂಕಿನ ಮಾತಲ್ಲ ಅದು, ನಿಜವಾಗಿ ತಿಳಿಯದೆ ಕೇಳಿದ್ದು. ನಾನು ಚಿತ್ರವನ್ನು ಅವರ ಕೈಯಿಂದ ತೆಗೆದುಕೊಂಡು ಅಲ್ಲೇ ಹರಿದೆ. ಹುಡುಗಿ ಪರವಾಗಿಲ್ಲ ಸರ್ ಎಂದು ನನ್ನನ್ನೇ ಸಮಾಧಾನ ಮಾಡಿದಳು. ಅವರಿಬ್ಬರು ಮೆಟ್ಟಿಲಿಳಿದು ಹೋದ ಮೇಲೆ ನಾಚಿಕೆಯಿಂದ ನನಗೆ ಊಟ ಸೇರಲಿಲ್ಲ.

ಮರುದಿನ ನೆಗೆಟಿವನ್ನು ಅದರ ಲಕೋಟೆಗೆ ವಾಪಸು ಹಾಕುವಾಗ ಒಳಗೆ ಕಾಂಟ್ಯಾಕ್ಟ್ ಪ್ರಿಂಟ್ ಸಿಕ್ಕಿತು. ನೆಗೆಟಿವನ್ನು ಕಾಗದದ ಮೇಲೆ ನೇರವಾಗಿ ಇಟ್ಟು, ಅದರಷ್ಟೇ ಗಾತ್ರಕ್ಕೆ ತೆಗೆಯುವ ಪುಟ್ಟ ಪ್ರಿಂಟು ಅದು, ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದು. ನಾವು ಅದನ್ನು ನೋಡುವುದು ಭೂತಗನ್ನಡಿ ಹಿಡಿದು. ಅವತ್ತು ಭೂತಗನ್ನಡಿ ಹತ್ತಿರ ಇರಲಿಲ್ಲ, ಬರಿಗಣ್ಣಿನಲ್ಲಿ ನೋಡಿದೆ. ಮಗುವಿನ ಹಿಂದೆ ಒಬ್ಬ ಹೆಂಗಸು ಇದ್ದಳು. ಹೊಗೆಯಲ್ಲ, ಹೆಂಗಸು. ಹಣೆ, ಕಣ್ಣಿನ ಎರಡು ನೆರಳು, ಕೆಳಗೆ ಒಂದು ಬಿಳಿ ಗೆರೆ. ಅಷ್ಟು ಸಣ್ಣದರಲ್ಲಿ ಮಸುಕಿಗೆ ಹರಡಲು ಜಾಗವೇ ಇರಲಿಲ್ಲ. ಇಪ್ಪತ್ತು ವರ್ಷ ದೊಡ್ಡದು ಮಾಡುವುದನ್ನೇ ಕಸುಬು ಮಾಡಿಕೊಂಡವನಿಗೆ ಸಣ್ಣದಾಗಿಯೇ ಬಿಡಬೇಕು ಎಂದು ಹೊಳೆದಿರಲೇ ಇಲ್ಲ.

ಅದೇ ಅಳತೆಯಲ್ಲಿ ಹೊಸತೊಂದು ಪ್ರಿಂಟು ತೆಗೆದೆ. ಬ್ರಷ್ ಮುಟ್ಟಿಸಲಿಲ್ಲ. ಮುಂದಿನ ಭಾನುವಾರ, ಹುಡುಗಿ ಮನೆಯಲ್ಲಿರುವ ದಿನ ನೋಡಿ, ಗುಂಡ್ಯದ ಬಸ್ಸು ಹತ್ತಿದೆ. ಹೋಟೆಲಿನಲ್ಲಿ ಕರೆಂಟು ಬಂದಿತ್ತು, ಬಾಗಿಲ ಬಳಿ ಮೇಜು ಅದೇ ಇತ್ತು. ಪ್ರಿಂಟನ್ನು ಮೇಜಿನ ಮೇಲಿಟ್ಟೆ. ಹೋಟೆಲಿನವರು ಕೈ ಒರೆಸಿಕೊಂಡು, ಅದನ್ನು ಅಂಗೈಯಲ್ಲಿಟ್ಟು ನೋಡಿದರು. ನೋಡುತ್ತ ನೋಡುತ್ತ ಬೆಂಚಿನ ಮೇಲೆ ಕೂತುಬಿಟ್ಟರು. ಲಾರಿಯವನೊಬ್ಬ ಎರಡು ಸಲ ಚಾ ಕೇಳಿದ್ದು ಅವರ ಕಿವಿಗೆ ಬೀಳಲಿಲ್ಲ.

“ನಗ್ತಾ ಇದ್ದಾಳೆ” ಎಂದರು.

ನನಗೆ ತಡೆಯಲಾಗಲಿಲ್ಲ. ಅವತ್ತು ಆ ತಾಯಿ ಸೀರೆ ಬದಲಿಸಿ ಬರುತ್ತೇನೆ ಎಂದದ್ದು, ನೀವು ಫೋಟೋದಲ್ಲಿ ಬರುವುದೇ ಇಲ್ಲ ಎಂದು ನಾನು ತಡೆದದ್ದು, ಫ್ಲ್ಯಾಶ್ ಇದ್ದೂ ತೆಗೆಯದೆ ಹೋದದ್ದು, ಎಲ್ಲ ಹೇಳಿದೆ. ತಪ್ಪಾಯಿತು ಎಂದೂ ಹೇಳಿದೆ. ಅವರು ಪ್ರಿಂಟಿನಿಂದ ಕಣ್ಣು ತೆಗೆಯಲಿಲ್ಲ.

“ನೀವು ಹಾಗೆ ಹೇಳಿದ್ದು ಒಳ್ಳೆದಾಯ್ತು. ಫೋಟೋದಲ್ಲಿ ಬರ್ತೇನೆ ಅಂತ ಗೊತ್ತಿದ್ರೆ ಅವಳು ಬಾಯಿಗೆ ಕೈ ಹಿಡೀತಿದ್ಲು. ಹಲ್ಲು ಉಬ್ಬು ಅಂತ ಅವಳಿಗೆ ಯಾವಾಗಲೂ ನಾಚಿಕೆ. ಇಗೊ, ಇವಳ ಹಾಗೆ.”

ಮಗಳು ಅವರ ಭುಜದ ಹಿಂದೆ ನಿಂತು ಬಗ್ಗಿ ನೋಡುತ್ತಿದ್ದಳು, ಕೈ ಬಾಯಿಯ ಮೇಲಿತ್ತು. ಅಪ್ಪ ಪ್ರಿಂಟನ್ನು ಅವಳಿಗೆ ಕೊಟ್ಟರು. ಅದನ್ನು ಹಿಡಿಯಲು ಅವಳು ಎರಡೂ ಕೈ ಚಾಚಿದಳು. ಮುಂದಿನ ಎರಡು ಹಲ್ಲು ಸ್ವಲ್ಪ ಹೊರಗೆ ಬಂದಿದ್ದವು, ಅಷ್ಟೆ.