ಉಮ್ಮ್ ಸೈಫ್ ಕೋವಿ ಆರಿಸಿದ ದಿನ

ಮಂಗಳೂರಿನ ಹಂಪನಕಟ್ಟೆಯ ಹಿಂದಿನ ಓಣಿಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ಸಣ್ಣದೊಂದು ಅಂಗಡಿ ಇದೆ. ಕಳೆದ ವಾರ ಅದರ ಮುಂದೆ ಹಾದುಹೋಗುವಾಗ ಒಳಗೆ ಯಾರೋ ಲೋಬಾನ ಹಾಕಿದ್ದರು. ಯಂತ್ರಕ್ಕೆ ಬಿಡುವ ತೆಳ್ಳನೆಯ ಎಣ್ಣೆಯ ವಾಸನೆ ಆ ಹೊಗೆಯೊಂದಿಗೆ ಬೆರೆತು ಓಣಿಗೆ ಬಂತು. ನಡೆಯುತ್ತಿದ್ದವಳು ನಿಂತುಬಿಟ್ಟೆ. ನಾನು ಹನ್ನೊಂದು ವರ್ಷದವಳಾಗಿದ್ದಾಗ ಅಮ್ಮನ ಬೆರಳುಗಳಿಗೆ ಇದೇ ವಾಸನೆ ಇತ್ತು. ಊಟಕ್ಕೆ ಮೊದಲು ಎರಡು ಸಲ ಸೋಪು ಹಾಕಿ ತೊಳೆದರೂ ಉಗುರಿನ ಸಂದಿಯಲ್ಲಿ ಅದು ಉಳಿದೇ ಇರುತ್ತಿತ್ತು. ಬೆಳಿಗ್ಗೆ ಜಡೆ ಹೆಣೆಯುವಾಗ ನನ್ನ ಕೂದಲಿಗೂ ಅಂಟುತ್ತಿತ್ತು. ಶಾಲೆಯಲ್ಲಿ ಪಕ್ಕ ಕೂರುತ್ತಿದ್ದ ಹುಡುಗಿ ಒಮ್ಮೆ ಮೂಗು ಮುದುಡಿ, "ನಿನ್ನ ಮಮ್ಮಿ ಮೆಕ್ಯಾನಿಕ್ಕಾ?" ಎಂದು ಕೇಳಿದ್ದಳು. ಅಲ್ಲ, ನನ್ನ ಅಮ್ಮ ಸೆವ್ರಿನ್ ಬೇಟೆಯ ಸಾಮಾನು ಮಾರುವ ಅಂಗಡಿಯಲ್ಲಿ ಬಿಲ್ ಬರೆಯುತ್ತಿದ್ದಳು.

ನೀವೂ ನನ್ನ ಹಾಗೆ ಗಲ್ಫಿನಲ್ಲಿ ಬೆಳೆದವರಾದರೆ ಹೆಚ್ಚು ವಿವರಿಸಬೇಕಾಗಿಲ್ಲ. ನಮ್ಮಂಥವರ ಬಾಲ್ಯದ ಮನೆಯನ್ನು ಹೋಗಿ ನೋಡಿಬರೋಣವೆಂದರೆ ಅದರ ಹೊಸ್ತಿಲು ಕೂಡ ಇರುವುದಿಲ್ಲ. ನಮ್ಮದು ಅಬುಧಾಬಿಯ ಹೊರಗೆ, ಮುಸಫ್ಫಾ ಎಂಬ ಕಾರ್ಖಾನೆಗಳ ಪ್ರದೇಶಕ್ಕೆ ಹತ್ತಿರದಲ್ಲಿದ್ದ ಒಂದು ಹಳೆಯ ವಿಲ್ಲಾ. ವಿಲ್ಲಾ ಎಂದರೆ ಅದರಲ್ಲಿ ನಮಗಿದ್ದದ್ದು ಒಂದು ಕೋಣೆ. ಪಕ್ಕದ ಕೋಣೆಯಲ್ಲಿ ಉಳ್ಳಾಲದ ಕಡೆಯ ಬ್ಯಾರಿ ಕುಟುಂಬ, ಝೊಹರಾ ಆಂಟಿಯದ್ದು. ಅಡುಗೆಮನೆ ಇಬ್ಬರಿಗೂ ಒಂದೇ. ನಮ್ಮ ಮೀನಿನ ಸಾರು, ಅವರ ಬಿಸಿ ಅಕ್ಕಿರೊಟ್ಟಿ ಪತ್ತಿರಿ ಒಂದೇ ಒಲೆಯ ಎರಡು ಕಣ್ಣುಗಳ ಮೇಲೆ ಬೇಯುತ್ತಿದ್ದವು. ಉಪ್ಪು ಯಾರದ್ದು, ತೆಂಗಿನಕಾಯಿ ಯಾರದ್ದು ಎಂದು ಯಾರೂ ಕೇಳುತ್ತಿರಲಿಲ್ಲ. ಪಪ್ಪ ಮುಸಫ್ಫಾದ ಕಬ್ಬಿಣದ ವರ್ಕ್‌ಶಾಪಿನಲ್ಲಿ ವೆಲ್ಡರ್. ಸಂಜೆ ಕಂಪನಿ ಬಸ್ಸು ಇಳಿದು ಬರುವಾಗ ಅವರ ಹುಬ್ಬಿನ ಮೇಲೂ ಬೂದು ಧೂಳು ಕೂತಿರುತ್ತಿತ್ತು. ಇಬ್ಬರೂ ದುಡಿದರೆ ಮಾತ್ರ ನಾವು ಮೂವರೂ ಅಲ್ಲಿ ಒಟ್ಟಿಗೆ ಇರಬಹುದಿತ್ತು. ಅಮ್ಮನ ಕೆಲಸ ಹೋದರೆ ಅಮ್ಮ ಮತ್ತು ನಾನು ಊರಿಗೆ, ಪಪ್ಪ ಲೇಬರ್ ಕ್ಯಾಂಪಿನ ಮಂಚಕ್ಕೆ. ಇದನ್ನು ನನಗೆ ಯಾರೂ ಕೂರಿಸಿ ಹೇಳಿರಲಿಲ್ಲ. ಆದರೆ ಒಂದೇ ಕೋಣೆಯ ಮನೆಯಲ್ಲಿ ಮಕ್ಕಳಿಗೆ ತಿಳಿಯದ ಮಾತು ಅಂತ ಯಾವುದಿರುತ್ತದೆ?

ಶಾಲೆಯ ಬಸ್ಸು ನನ್ನನ್ನು ಅಂಗಡಿಯ ಬಳಿಯೇ ಇಳಿಸುತ್ತಿತ್ತು. ಸಂಜೆಯವರೆಗೆ ಅಮ್ಮನ ಪಕ್ಕ ಸ್ಟೂಲಿನ ಮೇಲೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದೆ. ಎಂಥ ಅಂಗಡಿ ಅದು! ಮರುಭೂಮಿಗೆ ಹೊರಡುವ ಸ್ಥಳೀಯ ಅರಬರು ತಮ್ಮ ದೊಡ್ಡ ಗಾಡಿಗಳನ್ನು ಮುಸಫ್ಫಾದ ಗ್ಯಾರೇಜುಗಳಲ್ಲಿ ಬಿಟ್ಟು ಅಲ್ಲಿಗೆ ಬರುತ್ತಿದ್ದರು. ಮಡಚುವ ಡೇರೆಗಳು, ಮಸಿ ಕಾಣದ ಹೊಸ ಕೆಟಲ್‌ಗಳು, ಗಿಡುಗಗಳ ಕಣ್ಣು ಮುಚ್ಚುವ ಹೆಬ್ಬೆರಳಿನಷ್ಟು ಚರ್ಮದ ಟೊಪ್ಪಿಗಳು, ಹಿಂಬದಿಯ ಗೋಡೆಯ ಉದ್ದಕ್ಕೂ ಗಾಜಿನೊಳಗೆ ಸಾಲಾಗಿ ನಿಂತ ಏರ್ ರೈಫಲ್‌ಗಳು. ಯಾವಾಗಲೂ ಒಂದು ಮೂಲೆಯಲ್ಲಿ ಬಖೂರ್ ಎಂಬ ಸುಗಂಧದ ಧೂಪ ಹೊಗೆಯಾಡುತ್ತಿತ್ತು. ಆ ಕೋವಿಗಳ ಧೂಳು ಒರೆಸಿ, ಬಟ್ಟೆಯ ತುದಿಗೆ ಎಣ್ಣೆ ತಾಗಿಸಿ ಉಜ್ಜುವ ಕೆಲಸದಿಂದ ಸೇಲ್ಸ್‌ಮನ್‌ಗಳು ತಪ್ಪಿಸಿಕೊಳ್ಳುತ್ತಿದ್ದರು. ಅಮ್ಮ ಅದನ್ನು ತಾನಾಗಿಯೇ ಕೇಳಿ ಪಡೆದಿದ್ದಳು. ಅದೇಕೆಂದು ಅಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ಕಿನ್ನಿಗೋಳಿ ಕಡೆಯ ಅವಳ ತವರಿನಲ್ಲಿ ಅಜ್ಜನ ಬಳಿ ಒಂದು ಹಳೆಯ ಏರ್ ಗನ್ ಇತ್ತಂತೆ. ಐವರು ಮಕ್ಕಳಲ್ಲಿ ಗುರಿ ಕೂಡಿಬಂದದ್ದು ಅಮ್ಮನಿಗೆ ಮಾತ್ರ. ಗದ್ದೆಯ ಬದುವಿನ ಹೆಗ್ಗಣ, ಗುಡ್ಡದ ಮೊಲ, ಕಾಡುಕೋಳಿ ಎಲ್ಲವನ್ನೂ ಹೊಡೆಯುತ್ತಿದ್ದಳಂತೆ, ಆಗಿನ ಕಾಲದಲ್ಲಿ ಅದನ್ನು ಯಾರೂ ಕೇಳುತ್ತಿರಲಿಲ್ಲ. ಮದುವೆಯ ಮಾತು ಬಂದಾಗ, "ಕೋವಿ ಹಿಡಿಯುವ ಹುಡುಗಿ ಅಂತ ಗೊತ್ತಾದರೆ ಕಷ್ಟ" ಎಂದು ಅಜ್ಜಿ ಅದನ್ನು ಅಟ್ಟಕ್ಕೆ ಹಾಕಿಸಿದರಂತೆ. ಅಮ್ಮ ಈ ಕತೆಯನ್ನು ನಗುತ್ತಲೇ ಹೇಳುತ್ತಿದ್ದಳು, ಆದರೆ ಪ್ರತಿ ಸಲವೂ ಅಟ್ಟದ ಏಣಿಯ ಹತ್ತಿರಕ್ಕೆ ಬಂದಾಗ ನಿಲ್ಲಿಸಿಬಿಡುತ್ತಿದ್ದಳು.

ಚಳಿಗಾಲ ಶುರುವಾಗುವ ಹೊತ್ತಿನಲ್ಲಿ ಒಂದು ಮಧ್ಯಾಹ್ನ ಉಮ್ಮ್ ಸೈಫ್, ಎಂದರೆ ಸೈಫನ ತಾಯಿ, ಬಂದರು. ಎಪ್ಪತ್ತರ ಆಸುಪಾಸಿನ ಅರಬ್ ಹೆಂಗಸು, ತೆಳ್ಳನೆಯ ದೇಹ, ಕಪ್ಪು ಅಬಾಯಾ, ಗಂಟುಕಟ್ಟಿದ ಬೆರಳುಗಳಲ್ಲಿ ಮದರಂಗಿ. ಹಿಂದೆ ಅವರ ಡ್ರೈವರ್. ಮ್ಯಾನೇಜರ್ ಬಕ್ಕರ್ ಎದ್ದು ಓಡಿದರು. ಮುದುಕಿ ಹೇಳಿದ್ದು ನನಗೂ ಕೇಳಿಸಿತು. ಶಾಲೆಯಲ್ಲಿ ಅರೇಬಿಕ್ ಕಡ್ಡಾಯವಾಗಿತ್ತು, ನನ್ನದು ಕ್ಲಾಸಿಗೇ ಚೆನ್ನಾಗಿತ್ತು. ನನ್ನ ಗಂಡುಮಕ್ಕಳು ಪ್ರತಿ ಚಳಿಗಾಲಕ್ಕೆ ಗಿಡುಗಗಳನ್ನು ಹೊತ್ತು, ಬೇಟೆಗೆ ಅನುಮತಿ ಕೊಡುವ ಬೇರೊಂದು ದೇಶದ ಮರುಭೂಮಿಗೆ ಹೋಗುತ್ತಾರೆ. ಈ ಸಲ ನಾನೂ ಹೋಗುತ್ತೇನೆ. ಹುಡುಗಿಯಾಗಿದ್ದಾಗ ಅಪ್ಪನ ಜೊತೆ ಮೊಲ ಹಿಡಿಯಲು ಹೋಗುತ್ತಿದ್ದೆ. ಸಾಯುವ ಮೊದಲು ಒಂದು ಮೊಲ ನನ್ನ ಕೈಯಿಂದಲೇ ಆಗಬೇಕು. ಮಕ್ಕಳು ನಗುತ್ತಾರೆ, ನಗಲಿ. ಪರವಾನಗಿಯ ಕಾಗದ ಅವರ ಕೈಚೀಲದಲ್ಲೇ ಇತ್ತು.

ಬಕ್ಕರ್ ಎಲ್ಲಕ್ಕಿಂತ ದೊಡ್ಡದನ್ನು ಇಳಿಸಿದರು. ಹೊಟ್ಟೆಯ ಕೆಳಗೆ ಗಾಳಿಯ ಸಿಲಿಂಡರ್ ಹೊತ್ತಿದ್ದ ಆ ಕೋವಿಯನ್ನು ಎತ್ತಿಹಿಡಿಯುವಾಗ ಮುದುಕಿಯ ಮೊಣಕೈ ನಡುಗಿ ನಳಿಗೆ ನೆಲ ನೋಡಿತು. ಎರಡನೆಯದು ಸ್ಪ್ರಿಂಗಿನದು, ಪ್ರತಿ ಗುಂಡಿಗೂ ನಳಿಗೆಯನ್ನೇ ಸನ್ನೆಕೋಲಿನಂತೆ ಕೆಳಕ್ಕೆ ಬಗ್ಗಿಸಬೇಕು. ಗಂಟು ಬಿದ್ದ ಬೆರಳುಗಳಿಗೆ ಅದು ಬಗ್ಗಲೇ ಇಲ್ಲ. ಆಕೆ ನಾಚಿ ನಕ್ಕರು. "ಪರವಾಗಿಲ್ಲ, ದೊಡ್ಡದನ್ನೇ ಕೊಡು. ಡ್ರೈವರ್ ಹೊತ್ತುಕೊಳ್ಳುತ್ತಾನೆ" ಎಂದರು. ಬಕ್ಕರ್ ಪೆಟ್ಟಿಗೆ ತರಿಸಲು ತಿರುಗಿದರು.

ಆಗ ಅಮ್ಮ ಬಿಲ್ ಪುಸ್ತಕದಿಂದ ತಲೆ ಎತ್ತದೆ ಕೊಂಕಣಿಯಲ್ಲಿ ಹೇಳಿದಳು, "ಜೆಸ್ಸಿ, ಆ ಅಜ್ಜಿಗೆ ಹೇಳು, ಅದು ಬೇಡ ಅಂತ."

"ಮಮ್ಮಿ, ಪ್ಲೀಸ್, ನೋ" ಎಂದೆ. ನನ್ನ ಕಣ್ಣ ಮುಂದೆ ಲೇಬರ್ ಕ್ಯಾಂಪಿನ ಮಂಚ ಬಂದಿತ್ತು.

"ಹೇಳು ಮಗಾ. ಅದರಲ್ಲಿ ಅವರು ಮೊಲ ಹೊಡೆಯುವುದಿಲ್ಲ, ಮೊಲದ ಕಾಲು ಮುರಿಯುತ್ತಾರೆ."

ಹೇಗೆ ಹೇಳಿದೆನೋ ಗೊತ್ತಿಲ್ಲ. ಅರೇಬಿಕ್ ಪಾಠದಲ್ಲಿ ಕವಿತೆ ಒಪ್ಪಿಸುವಂತೆ ಎದ್ದು ನಿಂತು, ಕಣ್ಣುಮುಚ್ಚಿ ಹೇಳಿಬಿಟ್ಟೆ. ಬಕ್ಕರ್ ಕಾಸರಗೋಡಿನವರು, ಅವರ ಕನ್ನಡ ಸಿಟ್ಟು ಬಂದಾಗ ಇನ್ನೂ ಸ್ಪಷ್ಟವಾಗುತ್ತಿತ್ತು. "ಸೆವ್ರಿನ್, ನೀವು ನಿಮ್ಮ ಬಿಲ್ ನೋಡಿ. ಇದೆಂತ ಪಾತ್ರೆ ಅಂಗಡಿಯಾ, ಹೆಂಗಸರು ಸಲಹೆ ಕೊಡ್ಲಿಕ್ಕೆ?"

ಉಮ್ಮ್ ಸೈಫ್ ಅವರತ್ತ ನೋಡಲಿಲ್ಲ. ನನ್ನನ್ನೇ ಕೇಳಿದರು, "ನಿನ್ನ ತಾಯಿ ಬೇಟೆಯಾಡಿದ್ದಾಳೋ?" ನಾನು ಹೌದೆಂದೆ. ಆಕೆ ಬಕ್ಕರ್ ಕಡೆಗೆ ಅಂಗೈ ಎತ್ತಿ, "ಖಲಾಸ್. ಅವಳು ಬರಲಿ" ಎಂದರು.

ಅಮ್ಮ ಕೌಂಟರಿನ ಹಲಗೆ ಎತ್ತಿ ಈಚೆಗೆ ಬಂದಳು. ಕೋವಿಗಳ ಕಡೆ ಹೋಗಲೇ ಇಲ್ಲ. ಮೊದಲು ಮುದುಕಿಯನ್ನು ನೋಡಿದಳು. ಎರಡೂ ಕೈ ಚಾಚಿ ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿಸಿ, ಅದರಲ್ಲಿ ಬಾಗಿಲಿನ ಚಿಲಕ ನೋಡಲು ಹೇಳಿದಳು. ಒಂದೊಂದೇ ಕಣ್ಣು ಮುಚ್ಚಿಸಿದಳು. ಬಲಗಣ್ಣಿಗೆ ಪೊರೆ ಬಂದಿತ್ತು, ಚಿಲಕ ಕಾಣುತ್ತಿದ್ದದ್ದು ಎಡಗಣ್ಣಿಗೆ. "ಇಷ್ಟು ಹೊತ್ತೂ ಬಲಭುಜಕ್ಕೇ ಇಟ್ಟು ನೋಡಿದ್ದಾರೆ, ಪಾಪ. ಇನ್ನು ಎಡಭುಜಕ್ಕೆ" ಎಂದು ನನಗೆ ಹೇಳಿದಳು. ಹಿಂದಿನ ಸಾಲಿನಿಂದ ಯಾರೂ ಕೇಳದೆ ನಿಂತಿದ್ದ ಒಂದು ಗಿಡ್ಡ ಕೋವಿಯನ್ನು ತೆಗೆದಳು. ಎರಡೂ ಬದಿಗೆ ಒಂದೇ ಸಮನಾದ ಹಿಡಿ, ಹಗುರ. ಗಾಳಿಯನ್ನು ಡ್ರೈವರ್ ಬೆಳಿಗ್ಗೆಯೇ ಪಂಪಿನಲ್ಲಿ ತುಂಬಿಟ್ಟರೆ ಸಾಕು. ಆಮೇಲೆ ಒಂದು ಸಣ್ಣ ಬೋಲ್ಟನ್ನು ಎರಡು ಬೆರಳಿನಲ್ಲಿ ಎಳೆದರಾಯಿತು. ಬಕ್ಕರ್ ದೊಡ್ಡದೊಂದು ದೂರದರ್ಶಕ ಜೋಡಿಸಹೊರಟಾಗ ಅಮ್ಮ ತಲೆಯಾಡಿಸಿದಳು. "ಅಷ್ಟು ದೊಡ್ಡದು ಬೇಡ. ಕೈ ನಡುಗಿದ್ದೂ ಅದರಲ್ಲಿ ದೊಡ್ಡದಾಗಿ ಕಾಣ್ತದೆ. ಹೆದರಿಕೆ ಆಗ್ತದೆ ಅವರಿಗೆ."

ಗೋದಾಮಿನ ಉದ್ದನೆಯ ಓಣಿಯ ಕೊನೆಯಲ್ಲಿ ಮರಳು ತುಂಬಿದ ಪೆಟ್ಟಿಗೆ ಇತ್ತು, ಕೋವಿಗಳನ್ನು ಪರೀಕ್ಷಿಸಲು. ಅಮ್ಮ ಒಂದು ಕಾಗದಕ್ಕೆ ನನ್ನ ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟು ಅಲ್ಲಿ ಅಂಟಿಸಿದಳು. "ಮೊದಲು ನೀನು" ಎಂದರು ಉಮ್ಮ್ ಸೈಫ್. ಅಮ್ಮ ಒಂದು ಕ್ಷಣ ನನ್ನನ್ನು ನೋಡಿದಳು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೆಲಕ್ಕೆ ಕೂತು, ಮೊಣಕಾಲಿನ ಮೇಲೆ ಮೊಣಕೈ ಊರಿದಳು. ಉಸಿರು ಬಿಟ್ಟಳು. ಮೂರು ಸಲ, ಯಾರೋ ನಾಲಗೆಯಲ್ಲಿ ಲೊಚಗುಟ್ಟಿದಂಥ ಸದ್ದು. ಕಾಗದ ತಂದು ನೋಡಿದರೆ ಒಂದೇ ತೂತು, ಅಂಚು ಸ್ವಲ್ಪ ಹರಿದಿತ್ತು, ಅಷ್ಟೇ. ನನ್ನ ಅಮ್ಮನನ್ನು ನಾನು ಅದಕ್ಕೂ ಮೊದಲು ನೋಡೇ ಇರಲಿಲ್ಲ ಎನ್ನಿಸಿತು. ಅಡುಗೆಮನೆಯಲ್ಲಿ, ಬಸ್‌ಸ್ಟಾಪಿನಲ್ಲಿ, ಇಗರ್ಜಿಯಲ್ಲಿ ನನ್ನ ಪಕ್ಕ ನಿಲ್ಲುತ್ತಿದ್ದವಳು ಬೇರೆ ಯಾರೋ.

ಮುದುಕಿ ಅವಳ ಪಕ್ಕದಲ್ಲೇ ಕಂಬಳಿ ಹಾಸಿ ಕೂತರು. ಮೊದಲ ಗುಂಡು ಮರಳಿಗೆ, ಎರಡನೆಯದು ಕಾಗದದ ಮೂಲೆಗೆ. ಆರನೆಯದು ಚುಕ್ಕೆಯ ಪಕ್ಕದಲ್ಲಿ ಬಿದ್ದಾಗ ಹುಡುಗಿಯಂತೆ ಚಪ್ಪಾಳೆ ತಟ್ಟಿದರು. ಅಮ್ಮ ಕೋವಿಯನ್ನು ಅವರ ಮಡಿಲಿಗಿಟ್ಟು, ಕೊನೆಯ ಮಾತೊಂದನ್ನು ನನ್ನಿಂದ ಹೇಳಿಸಿದಳು. "ಒಂದು ನಾಣ್ಯದಷ್ಟು ಜಾಗಕ್ಕೆ ಹತ್ತರಲ್ಲಿ ಹತ್ತೂ ಬೀಳುವ ದೂರ ಯಾವುದೋ ಅದೇ ನಿಮ್ಮ ದೂರ. ಅದರಾಚೆ ಮೊಲ ಎಷ್ಟು ಕೊಬ್ಬಿದ್ದರೂ ಕೈ ಹಾಕಬೇಡಿ. ಗಾಯವಾಗಿ ಓಡಿಹೋದದ್ದು ಜನ್ಮವಿಡೀ ಹಿಂದೆ ಬರ್ತದೆ." ಗಾಯವಾದ ಪ್ರಾಣಿಗೆ ಅರೇಬಿಕ್ ಶಬ್ದ ನನಗೆ ಗೊತ್ತಿರಲಿಲ್ಲ. "ಅಳುವ ಮೊಲ" ಎಂದೆ. ಉಮ್ಮ್ ಸೈಫ್ ನನ್ನ ತಲೆಯ ಮೇಲೆ ಕೈಯಿಟ್ಟು, "ನನ್ನ ಅಪ್ಪನೂ ಇದನ್ನೇ ಹೇಳುತ್ತಿದ್ದ" ಎಂದರು.

ಅವರು ಹೋದ ಮೇಲೆ ಬಕ್ಕರ್ ಅಮ್ಮನ ಮುಂದೆ ನಿಂತರು. "ದೊಡ್ಡದನ್ನು ತಕ್ಕೊಳ್ಳಲಿಕ್ಕೆ ಒಪ್ಪಿದ್ದ ಗಿರಾಕಿ. ಇನ್ನೊಮ್ಮೆ ಬಾಯಿ ಹಾಕಿದ್ರೆ ಖಲಾಸ್, ನಾಳೆಯಿಂದ ಬರುವುದು ಬೇಡ." ಅಮ್ಮ ಬಿಲ್ ಪುಸ್ತಕ ತೆರೆದಳು. ಆ ಸಂಜೆ ಪಪ್ಪ ಎಲ್ಲ ಕೇಳಿ, ಹುಬ್ಬಿನ ಧೂಳು ಒರೆಸುತ್ತ, "ಸುಮ್ಮನೆ ಇರಬಹುದಿತ್ತಲ್ಲ ಮಾರಾಯ್ತಿ" ಎಂದರು.

"ಇರಬಹುದಿತ್ತು. ಮೊಲದ ಪರವಾಗಿ ಮತ್ತೆ ಯಾರು ಮಾತಾಡುವುದು?"

ಗೋಡೆಯಾಚೆಯಿಂದ ಝೊಹರಾ ಆಂಟಿಯ ಸ್ವರ ಬಂತು, "ಸೆವ್ರಿನಕ್ಕಾ, ನೀವು ಮಾಡಿದ್ದೇ ಸರಿ ಉಂಟು!" ಪಪ್ಪನಿಗೂ ನಗು ತಡೆಯಲಾಗಲಿಲ್ಲ. ಆದರೆ ಆ ವಾರವೇ ಅಮ್ಮ ಕಪಾಟಿನ ಮೇಲಿದ್ದ ಸೂಟ್‌ಕೇಸುಗಳನ್ನು ಇಳಿಸಿ ಒರೆಸಿಟ್ಟಳು. ಧೂಳಾಗಿತ್ತು, ಅದಕ್ಕೆ, ಎಂದಳು. ನಾನು ನಂಬಿದಂತೆ ನಟಿಸಿದೆ.

ಚಳಿಗಾಲ ಮುಗಿಯುತ್ತ ಬಂದಾಗ ಅಂಗಡಿಯ ಮುಂದೆ ಎರಡು ಗಾಡಿಗಳು ನಿಂತವು. ಉಮ್ಮ್ ಸೈಫ್, ಅವರ ತಂಗಿ, ಇಬ್ಬರು ಸೊಸೆಯರು. ಮುದುಕಿ ಬಕ್ಕರ್‌ರನ್ನು ದಾಟಿ ನೇರ ಬಿಲ್ಲಿನ ಕೌಂಟರಿಗೆ ಬಂದು, ನನ್ನ ಕೈ ಹಿಡಿದು, ಅಮ್ಮನಿಗೆ ಹೇಳು, ಹೇಳು ಎನ್ನುತ್ತ ತಮ್ಮ ಕತೆ ಶುರುಮಾಡಿದರು. ಮೊದಲ ದಿನ ಒಂದು ಮೊಲ ಕಂಡಿತು, ದೂರವಿತ್ತು, ಹೊಡೆಯಲಿಲ್ಲ. ಎರಡನೆಯ ದಿನ ಇನ್ನೊಂದು. ಮಕ್ಕಳು ಹೊಡಿ ಹೊಡಿ ಎಂದರು, ಹೊಡೆಯಲಿಲ್ಲ, ಅವರು ನಕ್ಕರು. ಮೂರನೆಯ ಬೆಳಿಗ್ಗೆ ಬೂದು ಪೊದೆಯ ಬುಡದಲ್ಲಿ, ಇಪ್ಪತ್ತು ಹೆಜ್ಜೆಯಾಚೆ. ಒಂದೇ ಗುಂಡು. ಕೂತಲ್ಲೇ ಮಲಗಿತು. ಅನ್ನದ ಜೊತೆ ಬೇಯಿಸಿದೆವು, ದೊಡ್ಡ ಮಗ ನನ್ನ ಹಣೆಗೆ ಮುತ್ತಿಟ್ಟ. "ನಿನ್ನ ತಾಯಿಗೆ ಹೇಳು, ಅದು ಅಳಲಿಲ್ಲ." ಇದನ್ನು ನಾನು ಕೊಂಕಣಿಗೆ ತರುವ ಮೊದಲೇ ಅಮ್ಮನಿಗೆ ಅರ್ಥವಾಗಿತ್ತು. ಅವಳು ಬಿಲ್ ಪುಸ್ತಕ ಮುಚ್ಚಿಟ್ಟು ಮುಖ ಒರೆಸಿಕೊಂಡಳು. ತಂಗಿಗೂ ಸೊಸೆಯರಿಗೂ ಅಮ್ಮನೇ ಆರಿಸಿಕೊಡಬೇಕಂತೆ. ಬಕ್ಕರ್ ತಾವೇ ಹೋಗಿ ಕೌಂಟರಿನ ಹಲಗೆ ಎತ್ತಿ ಹಿಡಿದರು.

ಮರುವಾರದಿಂದ ಬಿಲ್ಲಿಗೆ ಬೇರೆ ಹುಡುಗಿ ಬಂದಳು, ಅಮ್ಮ ಕೋವಿಗಳ ಗೋಡೆಯ ಮುಂದೆ ನಿಂತಳು. ಸೂಟ್‌ಕೇಸುಗಳು ಕಪಾಟಿನ ಮೇಲಕ್ಕೆ ಹೋದವು. ನಾವು ಮೂವರೂ ಇನ್ನೂ ನಾಲ್ಕು ವರ್ಷ ಅಲ್ಲಿ ಒಟ್ಟಿಗಿದ್ದೆವು. ನನ್ನ ಪಾಲಿಗೆ ಬಾಲ್ಯ ಎಂದರೆ ಆ ನಾಲ್ಕು ವರ್ಷ. ಆಮೇಲೆ, ಒಂದು ವಿಲ್ಲಾದಲ್ಲಿ ಹೀಗೆ ಭಾಗ ಮಾಡಿ ಇರಬಾರದೆಂದು ನೋಟಿಸ್ ಬಂತು. ಝೊಹರಾ ಆಂಟಿಯವರು ಶಾರ್ಜಾಕ್ಕೆ, ನಾವು ಮಂಗಳೂರಿಗೆ. ಆ ವಿಲ್ಲಾ ಇದ್ದ ಜಾಗದಲ್ಲೀಗ ಯಾವುದೋ ಕಟ್ಟಡದ ಪಾರ್ಕಿಂಗ್ ಇದೆಯೆಂದು ಯಾರೋ ಹೇಳಿದರು. ಪಪ್ಪ ಈಗ ಮನೆಯ ಹತ್ತಿರವೇ ಗ್ರಿಲ್ ಕೆಲಸ ಮಾಡುತ್ತಾರೆ. ಅಮ್ಮ ವಾರಕ್ಕೆ ಮೂರು ದಿನ ಒಂದು ಶಾಲೆಯಲ್ಲಿ ಹುಡುಗಿಯರಿಗೆ ಕಾಗದದ ಗುರಿಗೆ ಹೊಡೆಯುವುದನ್ನು ಕಲಿಸುತ್ತಾಳೆ. ಕೋವಿ ಹಿಡಿಯುವ ಹುಡುಗಿಯರಿಗೆ ಈಗ ಮೆಡಲು ಕೊಡುತ್ತಾರೆ.

ಉಮ್ಮ್ ಸೈಫ್ ತೀರಿಕೊಂಡರೆಂದು ಹೋದ ವರ್ಷ ಅವರ ಡ್ರೈವರ್ ನನ್ನ ಫೋನಿಗೆ ಸಂದೇಶ ಕಳಿಸಿದ. ಅಮ್ಮನಿಗೆ ಓದಿ ಹೇಳಿದೆ. ಅವಳು ಕೈಯಲ್ಲಿದ್ದ ಅಕ್ಕಿಯ ಮೊರವನ್ನು ಕೆಳಗಿಟ್ಟು, ಮತ್ತೆ ಎತ್ತಿಕೊಂಡಳು. ಆ ಸಂಜೆ ಮನೆಯಲ್ಲಿ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಮುಗಿದು, ಅಗಲಿದ ನಮ್ಮವರ ಹೆಸರುಗಳನ್ನು ಒಂದೊಂದಾಗಿ ಹೇಳುವ ಹೊತ್ತು ಬಂತು. ಅಮ್ಮ ತನ್ನ ಅಪ್ಪನ ಹೆಸರು ಹೇಳಿದಳು, ತನ್ನ ಅಮ್ಮನ ಹೆಸರು ಹೇಳಿದಳು, ಮತ್ತು ಎಲ್ಲೂ ತಡೆಯದೆ, ಅದೇ ಸ್ವರದಲ್ಲಿ, ಉಮ್ಮ್ ಸೈಫ್ ಎಂದಳು. ಪಪ್ಪನೂ ನಾನೂ ಎಂದಿನಂತೆ ಒಟ್ಟಿಗೆ ಆಮೆನ್ ಎಂದೆವು.