ತಿಳಿನೀರಿನ ಪರೀಕ್ಷೆ

ಗಿರಿಜಕ್ಕ, ಆ ಪಂಪು ಮಳೆಗಾಲದ ಕೆಸರು ನೀರನ್ನು ಎಳೆಯುವುದಿಲ್ಲವೆಂದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ನಿಮ್ಮಿಂದ ಸಹಿ ಹಾಕಿಸಿದೆ.

ದೇರೆಬೈಲಿನಲ್ಲಿ ನಿಮ್ಮ ಮನೆಯ ಹಿಂದೆ ಉಳಿದಿದ್ದದ್ದು ಅದೊಂದೇ ಗದ್ದೆ. ಬೇಸಾಯ ನಿಂತಿದ್ದರೂ ಸುತ್ತಲಿನ ಮಳೆನೀರನ್ನೆಲ್ಲ ಅದೇ ಕುಡಿಯುತ್ತಿತ್ತು. ಗದ್ದೆಯ ಒಡೆಯರು ಮಣ್ಣು ತುಂಬಿಸಿ ಫ್ಲ್ಯಾಟ್ ಕಟ್ಟಲು ಹೊರಟಾಗ ನೀವು ಮಂಡಿನೋವಿನಲ್ಲೇ ಮನೆಮನೆ ತಿರುಗಿ ತಕರಾರು ಅರ್ಜಿ ಬರೆಸಿದಿರಿ. ಮಳೆ ಮೊದಲಿನಂತಿಲ್ಲ, ಒಂದೇ ದಿನ ಸುರಿದುಬಿಡುತ್ತದೆ, ಇನ್ನು ಊರಿನ ತಗ್ಗು ಗದ್ದೆಗಳನ್ನು ಮುಟ್ಟಲೇಬಾರದು — ನಿಮ್ಮ ಈ ಮಾತನ್ನು ವಾರ್ಡಿನ ಸಭೆ ಒಪ್ಪುವುದರಲ್ಲಿತ್ತು. ಆಗ ಬಂದವನು ನಾನು, ಪಂಪು ಕಂಪನಿಯ ಎಂಜಿನಿಯರು. ನೆಲದಡಿಯ ಟ್ಯಾಂಕು, ನೀರೇರಿದೊಡನೆ ತಾನಾಗಿ ಓಡುವ ಪಂಪು, ಮೊಬೈಲಿನಲ್ಲಿ ನೀರಿನ ಮಟ್ಟ. ‘ಹವಾಮಾನ ಬದಲಾವಣೆಗೆ ಶಾಶ್ವತ ಪರಿಹಾರ’ ಎಂದು ಹೆಸರಿಟ್ಟವನೂ ನಾನೇ. ಥೂ!

ನಿಮ್ಮನ್ನು ಬೈಕಂಪಾಡಿಯ ನಮ್ಮ ಶೆಡ್ಡಿಗೆ ಕರೆದೊಯ್ದ ಹಿಂದಿನ ದಿನ ನಿಮ್ಮ ಓಣಿಯಲ್ಲಿ ಮಳೆನೀರು ಹರಿಯುವ ತೋಡಿನ ನೀರನ್ನೇ ತಂದು ಪರೀಕ್ಷಿಸಿದ್ದೆ. ಎಲೆ, ಪ್ಲಾಸ್ಟಿಕ್, ಕೆಂಪು ಮಣ್ಣು — ಚಾ ಕುಡಿದು ಮುಗಿಸುವಷ್ಟರಲ್ಲಿ ಪಂಪು ಕಟ್ಟಿಕೊಂಡಿತು. ಮರುದಿನ ನಿಮಗೆ ತೋರಿಸಲು ಟ್ಯಾಂಕರಿನ ಕುಡಿಯುವ ನೀರು ತರಿಸಿದೆ. ಎಷ್ಟು ಚಂದ ಓಡಿತು! ಆದರೂ ನೀವು ಕೇಳಿದಿರಿ.

“ಅಲ್ಲ ಭಟ್ರೇ, ನಮ್ಮ ತೋಡಿನ ನೀರು ಹೀಗೆ ಇರ್ತದಾ? ಕೆಸರು ಬಂದರೆ ಎಂತ ಮಾಡ್ತದೆ ಇದು?”

“ಅದಕ್ಕೆಲ್ಲ ಜಾಲರಿ ಉಂಟು ಅಕ್ಕ, ಹೆದರಬೇಡಿ.”

ನೀವು ನನ್ನ ಮುಖ ನೋಡಿದಿರಿ. “ಪ್ರಸಾದ ಕೊಡುವ ಮನೆಯವರು ನೀವು. ನಿಮ್ಮ ಮಾತು ಸಾಕು,” ಎಂದು ಅರ್ಜಿ ಹಿಂತೆಗೆದುಕೊಳ್ಳುವ ಕಾಗದಕ್ಕೆ ಸಹಿ ಹಾಕಿದಿರಿ. ದೇವಸ್ಥಾನದಲ್ಲಿ ತಂದೆ ಜೀವಮಾನವಿಡೀ ಗಳಿಸಿದ ನಂಬಿಕೆಯನ್ನು ನಾನು ಪಂಪು ಒಪ್ಪಿಸಲು ಬಳಸಿದೆ. ಹೊಟ್ಟೆಪಾಡು ಎನ್ನಲಾರೆ — ಸತ್ಯ ಹೇಳಿದ್ದರೂ ಸಂಬಳ ಬರುತ್ತಿತ್ತು. ನನಗೆ ಸಭೆಯ ಚಪ್ಪಾಳೆ ಬೇಕಿತ್ತು, ಅಷ್ಟೇ.

ಗದ್ದೆ ಹೋಯಿತು. ಮುಂದಿನ ಆಟಿ ತಿಂಗಳ ಜಡಿಮಳೆಯ ಒಂದು ಮಧ್ಯಾಹ್ನ, ಕೆಸರು ಕಟ್ಟಿದ ಪಂಪು ನಿಂತು ನೀರು ನಿಮ್ಮ ಒಳಕೋಣೆಗೆ ನುಗ್ಗಿದಾಗ ನನ್ನ ಮೊಬೈಲು ‘ಮಟ್ಟ ಸರಿಯಾಗಿದೆ’ ಎನ್ನುತ್ತಿತ್ತು. ನಿಮ್ಮನ್ನು ಕುರ್ಚಿ ಸಮೇತ ಎತ್ತಿ ಪಕ್ಕದ ಮನೆಯ ಮಹಡಿಗೆ ಸಾಗಿಸಿದರಂತೆ. ಚರಂಡಿ ನೀರು ಬಿದ್ದ ನಿಮ್ಮ ಬಾವಿ ಇಂದಿಗೂ ನಾರುತ್ತದೆ.

ಭೂಮಿಗೆ ಎಣ್ಣೆ ಬಿಡುವ ಕೆಡ್ಡಸದ ದಿನ ನಿಮ್ಮಲ್ಲಿಗೆ ಬಂದೆ, ಹೇಳಿಬಿಡೋಣವೆಂದು. ವರ್ಷವರ್ಷವೂ ಆ ಗದ್ದೆಯ ಬದುವಿಗೆ ಎಣ್ಣೆ ಬಿಡುತ್ತಿದ್ದವರು ಫ್ಲ್ಯಾಟಿನ ಗೇಟಿನೆದುರು ಇಂಟರ್‌ಲಾಕ್ ಕಲ್ಲಿನ ಮೇಲೆ ಬಿಡುತ್ತಿದ್ದಿರಿ. ಎಣ್ಣೆ ಇಂಗಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ನೀವೇ ಸಮಾಧಾನ ಹೇಳಿದಿರಿ: “ಬೇಜಾರು ಮಾಡ್ಬೇಡಿ ಮಾರಾಯ್ರೇ. ನಿಮಗಾದ್ರೂ ಹೇಗೆ ಗೊತ್ತಾಗ್ಬೇಕು?”

ನಾನು ತಲೆಯಾಡಿಸಿದೆ. ಎಂಥ ಪುಕ್ಕಲ!

ಈಗ ಇನ್ನೊಂದು ಗದ್ದೆಗೆ ಮಣ್ಣು ತುಂಬಿಸಲು ನಮ್ಮ ಕಂಪನಿಯವರು ಅದೇ ಪಂಪನ್ನು ತೋರಿಸುತ್ತಿದ್ದಾರೆ, ತಿಳಿನೀರಿನ ಆ ಪರೀಕ್ಷೆಯ ಬಗ್ಗೆ ನಾನೇ ಬರೆದ ವರದಿ ಹಿಡಿದು. ನಾಳಿನ ಸಭೆಯಲ್ಲಿ ಇದನ್ನೆಲ್ಲ ಹೇಳುತ್ತೇನೆ. ಕೇಳುತ್ತಾರೆಂಬ ಆಸೆ ಇಲ್ಲ — ಈಗಾಗಲೇ ಲಾರಿಗಳು ಬಂದು ನಿಂತಿವೆ.

ಅದಕ್ಕೂ ಮೊದಲು ಈ ಕಾಗದವನ್ನು ನಾನೇ ತಂದು ಕೊಡುತ್ತೇನೆ. ನೀವು ಓದಿ ಮುಗಿಸುವ ತನಕ ಅಂಗಳದಲ್ಲೇ ನಿಂತಿರುತ್ತೇನೆ. ಒಳಗೆ ಕರೆಯಬೇಡಿ, ಅಕ್ಕ.